ಕಂಬಿಯೊಳಗಿನ ಪ್ರಾರ್ಥನೆ, ಹೊರಗಿನ ಅಬ್ಬರ

ಅಮೆರಿಕದ ಜೈಲುಗಳಲ್ಲಿ ಕೈದಿಯ ಧಾರ್ಮಿಕ ಹಕ್ಕು ಬೆಳೆದ ಬಗೆಯನ್ನು ತೀರ್ಪುಗಳಿಂದಷ್ಟೇ ಅರಿಯಲಾಗದು. ಅದೇ ಕಾಲದಲ್ಲಿ ಟಿವಿಯಲ್ಲಿ, ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಕೈದಿಗಳ ಬಗ್ಗೆ ಹಬ್ಬಿದ ಕೆರಳಿಕೆಯ ಮಾತುಗಳನ್ನೂ ಜೊತೆಗೆ ಓದಬೇಕು. ಆ ಮಾತುಗಳು ಕಾನೂನಿನೊಳಕ್ಕೇ ನುಸುಳಿವೆ ಎಂಬುದು ನನ್ನ ತಕರಾರು.

1871ರಲ್ಲಿ ವರ್ಜೀನಿಯಾದ ನ್ಯಾಯಾಲಯ ಕೈದಿಯನ್ನು ಸರ್ಕಾರದ ಗುಲಾಮನೆಂದು ಕರೆದಿತ್ತು. ಮುಂದೆ ದಶಕಗಟ್ಟಲೆ ನ್ಯಾಯಾಧೀಶರು ಜೈಲಿನ ಗೋಡೆಯಾಚೆ ಇಣುಕಲು ಹಿಂಜರಿದರು. ಆ ಹಿಂಜರಿಕೆಯನ್ನು ಮುರಿಯುವಂತೆ ಮಾಡಿದ್ದು ಕಪ್ಪು ಮುಸ್ಲಿಮರ ಸಂಘಟನೆಯಾದ ನೇಷನ್ ಆಫ್ ಇಸ್ಲಾಂ ಸೇರಿದ್ದ ಕೈದಿಗಳು. 1959ರಲ್ಲಿ ನ್ಯೂಯಾರ್ಕಿನ ಟಿವಿ ವಾಹಿನಿಯೊಂದು ಪ್ರಸಾರ ಮಾಡಿದ ‘ದ ಹೇಟ್ ದಟ್ ಹೇಟ್ ಪ್ರೊಡ್ಯೂಸ್ಡ್’ ಸಾಕ್ಷ್ಯಚಿತ್ರ ಆ ಸಂಘಟನೆಯ ಬಗ್ಗೆ ಬಿಳಿಯರಲ್ಲಿ ದಿಗಿಲು ಹುಟ್ಟಿಸಿತು. ಇಲಿನಾಯ್‌ನ ಸ್ಟೇಟ್‌ವಿಲ್ ಜೈಲಿನಲ್ಲಿದ್ದ ಥಾಮಸ್ ಕೂಪರ್, ತನಗೆ ಕುರಾನ್ ಕೊಳ್ಳಲು ಬಿಡುತ್ತಿಲ್ಲವೆಂದು ದೂರಿದರು. 1963ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಚಾರಣೆಯೇ ನಡೆಯದ ಆ ಅರ್ಜಿಯನ್ನು ತಳ್ಳಿಹಾಕಿತು. ಕೆಲವು ‘ಸಾಮಾಜಿಕ ಅಧ್ಯಯನ’ಗಳನ್ನು ನೆಚ್ಚಿಕೊಂಡು, ನೇಷನ್ ಆಫ್ ಇಸ್ಲಾಂ ಧರ್ಮದ ಸೋಗು ಹಾಕಿದ, ಬಿಳಿಯರನ್ನು ಉರುಳಿಸಲು ಹೊರಟ ಸಂಘಟನೆ ಎಂದಿತು. 1964ರಲ್ಲಿ ಸುಪ್ರೀಂ ಕೋರ್ಟ್ ಪುಟ್ಟ ಆದೇಶವೊಂದರಲ್ಲಿ ಆ ತೀರ್ಪನ್ನು ರದ್ದುಮಾಡಿತು. ಕೈದಿಗೂ ನ್ಯಾಯಾಲಯದ ಬಾಗಿಲು ತೆರೆಯಿತು.

ತೆರೆದ ಬಾಗಿಲು ಹಾಗೇ ಉಳಿಯಲಿಲ್ಲ. ನ್ಯೂಜೆರ್ಸಿಯ ಮುಸ್ಲಿಂ ಕೈದಿಗಳಿಗೆ ಶುಕ್ರವಾರದ ನಮಾಜು ತಪ್ಪಿಸಿದ ನಿಯಮಗಳನ್ನು 1987ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಎತ್ತಿಹಿಡಿಯಿತು. 1993ರ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯಿಂದ ಕೈದಿಗಳನ್ನು ಹೊರಗಿಡಬೇಕೆಂಬ ತಿದ್ದುಪಡಿ ಸೆನೆಟ್‌ನಲ್ಲಿ ಸೋತದ್ದು ಸಮಾಧಾನದ ಸಂಗತಿ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಒಂದು ನಗೆಪಾಟಲಿನ ಕಥೆಯಿಂದ. ಕಡಲೆಕಾಯಿ ಬೆಣ್ಣೆ ನುಣ್ಣಗಿರದೆ ತರಿತರಿಯಾಗಿತ್ತೆಂದು ಕೈದಿಯೊಬ್ಬ ಮೊಕದ್ದಮೆ ಹೂಡಿದ ಎಂಬ ಕಥೆ 1990ರ ದಶಕದ ನಡುವೆ ರಾಜಕಾರಣಿಗಳ ಬಾಯಲ್ಲಿ ದೇಶವಿಡೀ ಸುತ್ತಿತು. ನ್ಯಾಯಾಧೀಶ ಜಾನ್ ನ್ಯೂಮನ್ ಕಡತ ತೆಗೆದು ನೋಡಿ 1996ರಲ್ಲಿ ಬರೆದ ಸತ್ಯ ಬೇರೆಯೇ ಇತ್ತು: ಆತ ತಪ್ಪಾಗಿ ಬಂದ ಡಬ್ಬಿಯನ್ನು ಹಿಂತಿರುಗಿಸಿದ್ದ, ಬದಲಿ ಸಿಗುವ ಮೊದಲೇ ಅವನನ್ನು ಬೇರೆ ಜೈಲಿಗೆ ಸಾಗಿಸಲಾಗಿತ್ತು, ಹಣ ಮಾತ್ರ ಅವನ ಖಾತೆಯಿಂದ ಕಡಿತವಾಗಿತ್ತು. ನಮಗೆ ಇದು ಚಿಲ್ಲರೆ ಮೊತ್ತ, ಜೈಲಿನಲ್ಲಿ ಅಲ್ಲ. ಅಷ್ಟರಲ್ಲಿ ಕಥೆ ತನ್ನ ಕೆಲಸ ಮುಗಿಸಿತ್ತು. ಅದೇ ವರ್ಷ ಕೈದಿಗಳ ಮೊಕದ್ದಮೆಗಳ ಬಗ್ಗೆ ಬಂದ ಕಾಯ್ದೆ, ಮೈಗೆ ಗಾಯವಾಗದೆ ಮನಸ್ಸಿನ ನೋವಿಗಷ್ಟೇ ಪರಿಹಾರ ಕೇಳುವುದನ್ನು ತಡೆಯಿತು. ಪ್ರಾರ್ಥನೆ ನಿರಾಕರಿಸಿದರೆ, ಗ್ರಂಥ ಕಿತ್ತುಕೊಂಡರೆ ಮೈಮೇಲೆ ಯಾವ ಗಾಯ ಕಾಣುತ್ತದೆ?

2000ರಲ್ಲಿ ಸಂಸತ್ತು ಕೈದಿಗಳ ಧರ್ಮಾಚರಣೆಗೆ ಮತ್ತೆ ಬಲವಾದ ಕಾನೂನು ಕೊಟ್ಟಿತು. ಸೆಪ್ಟೆಂಬರ್ 11ರ ದಾಳಿಯ ನಂತರ ಜೈಲಿನ ಇಸ್ಲಾಂ ಮತ್ತೆ ಭಯದ ವಸ್ತುವಾಯಿತು. 2011ರಲ್ಲಿ ಸಂಸದ ಪೀಟರ್ ಕಿಂಗ್ ಅದರ ಬಗ್ಗೆಯೇ ಸಂಸದೀಯ ವಿಚಾರಣೆ ನಡೆಸಿದರು. ಆದರೂ 2015ರಲ್ಲಿ ಅರ್ಕಾನ್ಸಾದ ಮುಸ್ಲಿಂ ಕೈದಿಗೆ ಅರ್ಧ ಇಂಚು ಗಡ್ಡ ಬಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಕೊಟ್ಟಿತು. ಗಡ್ಡದೊಳಗೆ ಆಯುಧ ಅಡಗಿಸಬಹುದೆಂಬ ವಾದ ಅಲ್ಲಿ ನಿಲ್ಲಲಿಲ್ಲ.

ಹಕ್ಕು ಸಿಕ್ಕಿತು, ಅದನ್ನು ಮುರಿದವರು ದಂಡ ತೆರಬೇಕೇ? 2020ರಲ್ಲಿ ಲೂಸಿಯಾನಾದಲ್ಲಿ ಬಿಡುಗಡೆಗೆ ವಾರಗಳಷ್ಟೇ ಉಳಿದಿದ್ದ ರಾಸ್ತಫಾರಿ ಪಂಥದ ಕೈದಿಯೊಬ್ಬರು ಧರ್ಮದ ಕಾರಣಕ್ಕೆ ಬಿಟ್ಟಿದ್ದ ತಮ್ಮ ಜಡೆಯನ್ನು ರಕ್ಷಿಸುವ ತೀರ್ಪಿನ ಪ್ರತಿಯನ್ನೇ ತೋರಿಸಿದರು. ಅವರ ದೂರಿನಂತೆ, ಕಾವಲುಗಾರ ಅದನ್ನು ಕಸಕ್ಕೆಸೆದ. ಆಮೇಲೆ ಕುರ್ಚಿಗೆ ಬಿಗಿದು ತಲೆ ಬೋಳಿಸಲಾಯಿತು. ಕೆಳಗಿನ ನ್ಯಾಯಾಲಯಗಳು ಈ ನಡವಳಿಕೆಯನ್ನು ಖಂಡಿಸಿದರೂ, ಅಧಿಕಾರಿಗಳಿಂದ ಹಣದ ಪರಿಹಾರ ಕೇಳಲು 2000ರ ಕಾನೂನು ಅವಕಾಶ ಕೊಡುವುದಿಲ್ಲ ಎಂದವು. ಬಿಡುಗಡೆಯಾಗಿ ಹೋದವರಿಗೆ ಕೇಳಲು ಉಳಿದಿದ್ದುದು ಅದೊಂದೇ. ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಈ ಮೊಕದ್ದಮೆಯ ವಾದ ಆಲಿಸಿತು.