ಸಂದಿನ ಕಥೆ

ಕಳೆದ ಬೇಸಿಗೆಯ ಒಂದು ಮುಂಜಾನೆ ರಂಗಂಪೇಟೆಯ ನಮ್ಮ ಮನೆಯ ಮಾಳಿಗೆಯಿಂದ ಗೋಡೆಗುಂಟ ನೀರು ಇಳಿಯುತ್ತಿತ್ತು. ಹತ್ತಿ ನೋಡಿದರೆ, ಹಿಂದಿನ ದಿನ ನಳ ಬಂದಾಗ ತುಂಬಿಸಿದ 500 ಲೀಟರಿನ ಹೊಸ ಟ್ಯಾಂಕು ಬರಿದಾಗಿತ್ತು. ಟ್ಯಾಂಕು ಒಡೆದಿರಲಿಲ್ಲ, ಪೈಪು ಕೂಡುವ ಸಂದು ಸೋರಿತ್ತು. ಅಂದು ಮಗಳು ಕಾಲೇಜು ತಪ್ಪಿಸಿ ಕೊಡ ಹಿಡಿದಳು. ನಾನು ಐದನೇ ತರಗತಿಯಲ್ಲಿದ್ದಾಗ ಅವ್ವ ಶಾಲೆ ಬಿಡಿಸಿ ಬಾವಿಗೆ ಕಳಿಸುತ್ತಿದ್ದುದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ನಮ್ಮ ಭಾಗಕ್ಕೆ ಕೊಳವೆಯೇನೂ ಹೊಸದಲ್ಲ. ವಿಜಯಪುರದ ಆದಿಲ್‌ಶಾಹಿ ಅರಸರು ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬದಿಂದಲೂ ಪಟ್ಟಣಕ್ಕೆ ಕೊಳವೆಯಲ್ಲಿ ನೀರು ತಂದಿದ್ದರು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ಕೆಳಗೆ ಕೂಡುತ್ತಿತ್ತು. ಒತ್ತಡ ಹೆಚ್ಚಾದರೆ ಮೊದಲು ಬಿಚ್ಚುವುದು ಸಂದೇ ಎಂಬುದು ಆಗಿನವರಿಗೂ ಗೊತ್ತಿತ್ತು.

1841ರಲ್ಲಿ ನಮ್ಮ ಸುರಪುರ ಸಂಸ್ಥಾನಕ್ಕೆ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರ್ ಅವರನ್ನು ಬೋನಾಳ ಕೆರೆಯ ನೆಪದಲ್ಲಿ ಇಂದಿಗೂ ನೆನೆಯುತ್ತೇವೆ. ಅದೇ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ, ತಿರುಪಿನ ಎಳೆಗಳಿಗೆ ಎಲ್ಲ ಕಡೆ ಒಂದೇ ಅಳತೆ ಇರಬೇಕೆಂದು ವಾದಿಸಿದರು. ಅವರನ್ನು ಮಾತ್ರ ನಾವು ಯಾರೂ ನೆನೆಯುವುದಿಲ್ಲ. ಅರ್ಧ ಇಂಚಿನ ನಲ್ಲಿ ಯಾವ ಅಂಗಡಿಯದಾದರೂ ನಮ್ಮ ಪೈಪಿಗೆ ಕೂಡುತ್ತದಲ್ಲ, ಅದರ ಮೂಲ ಅವರ 55 ಡಿಗ್ರಿ ಕೋನದ ಎಳೆ.

ಅವ್ವನ ಕಾಲದ ಕಲ್ಲದೋಣಿಗೆ, ತಾಮ್ರದ ಹಂಡೆಗೆ ತೂತೇ ಇರಲಿಲ್ಲ; ತಂಬಿಗೆಯಿಂದ ತೋಡಿಕೊಂಡರಾಯಿತು. ಆಮೇಲೆ ಸಿಮೆಂಟಿನ ಹೌದು ಬಂತು. ಕಟ್ಟುವಾಗಲೇ ಪೈಪು ಹುಗಿದರೆ ಸಿಮೆಂಟೇ ಸಂದು ಮುಚ್ಚುತ್ತಿತ್ತು. 1975ರಲ್ಲಿ ಗುಜರಾತಿನ ಕಲೋಲದ ಬಟ್ಟೆ ಗಿರಣಿಯೊಂದು ಪ್ಲಾಸ್ಟಿಕ್ಕಿಗೆ ಕೈಹಾಕಿತು. ಅದರ ಸಿಂಟೆಕ್ಸ್ ಎಂಬ ಹೆಸರೇ ಮುಂದೆ ನಮ್ಮವರ ಬಾಯಲ್ಲಿ ಎಲ್ಲ ಕರಿ ಟ್ಯಾಂಕಿಗೂ ನಿಂತಿತು. ಇದರ ಗೋಡೆ ತೆಳು. ಇಲ್ಲಿ ಸಂದು ಕಾಯುವುದು ಸಿಮೆಂಟಲ್ಲ, ಬಳೆಯಂಥ ಒಂದು ರಬ್ಬರ್ ವಾಷರ್.

ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಬಿಚ್ಚಿ ತೋರಿಸಿದ. "ನೋಡ್ರಿ ಟೀಚರ್, ಬಿಗಿ ಆದಷ್ಟು ಚಲೋ ಅಂತ ಪಾನಾ ಹಾಕಿ ತಿರುವ್ಯಾರ. ವಾಷರ್ ಹಿಂಡಿ ಹೊರಗ ಬಂದೈತ್ರಿ."

ತೂತಿನ ಅಂಚೂ ಒರಟಾಗಿತ್ತು. ಅದನ್ನು ಚಾಕುವಿನಿಂದ ಹೆರೆದು ನುಣುಪು ಮಾಡಿದೆವು. ಕನೆಕ್ಟರಿನ ಅಗಲ ತಲೆಯೂ ವಾಷರೂ ಟ್ಯಾಂಕಿನ ಒಳಗೆ, ನಟ್ಟು ಹೊರಗೆ. ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ತುಸುವೇ ತಿರುವಬೇಕು. ಪೈಪಿನ ಎಳೆಗೆ ಟೆಫ್ಲಾನ್ ಟೇಪು ಸುತ್ತಬೇಕು. ಪೈಪಿನ ಭಾರ ಸಂದಿನ ಮೇಲೆ ಬೀಳದಂತೆ ಗೋಡೆಗೆ ಕ್ಲಾಂಪು ಹೊಡೆಯಬೇಕು.

ಒಳಗೆ ಕೈಯಿಳಿಸಿ ತಲೆ ಹಿಡಿದವಳು ನಾನು, ಹೊರಗೆ ನಟ್ಟು ತಿರುವಿದವಳು ಮಗಳು. ಮತ್ತೆ ನಳ ಬಂದ ದಿನ ಟ್ಯಾಂಕು ತುಂಬಿಸಿ, ರಾತ್ರಿ ಎರಡು ಸಲ ಎದ್ದು ಸಂದು ಮುಟ್ಟಿ ನೋಡಿದೆ. ಒಣಗಿತ್ತು.

ಮುಂಜಾನೆ ಮಗಳು ಕಾಲೇಜಿಗೆ ಹೋದಳು.