ಸಿಂಗಪುರದ ವಾಂಪೋವಾ: ಮೂರು ದೇಶಗಳ ಕಾನ್ಸಲ್ ಆದ ವರ್ತಕ

ಹೂ ಆ ಕೇ (1816–1880) ಹತ್ತೊಂಬತ್ತನೇ ಶತಮಾನದ ಸಿಂಗಪುರದ ಚೀನೀ ವರ್ತಕ, ಅಲ್ಲಿನ ಶಾಸನ ಸಭೆಗೆ ನೇಮಕಗೊಂಡ ಮೊದಲ ಏಷ್ಯನ್. ಹುಟ್ಟೂರು ಚೀನಾದ ಗ್ವಾಂಗ್‌ಝೌ ಬಳಿಯ ವಾಂಪೋವಾ ಬಂದರು. ಜನ ಊರಿನ ಹೆಸರಿನಿಂದಲೇ ಕರೆದರು. ಸ್ವಂತ ಹೆಸರು ಕಾಗದಪತ್ರಗಳಲ್ಲಿ ಉಳಿಯಿತು.

ಅಪ್ಪನ ಅಂಗಡಿ

1830ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ತಂದೆಯ ಅಂಗಡಿಗೆ ಕೈಜೋಡಿಸಲು ಸಿಂಗಪುರಕ್ಕೆ ಬಂದ. ಬಂದರಿಗೆ ಬರುವ ಹಡಗುಗಳಿಗೆ ಮಾಂಸ, ಬ್ರೆಡ್, ತರಕಾರಿ ಒದಗಿಸುವುದು ಅಲ್ಲಿನ ಕಸುಬು. ಬ್ರಿಟಿಷ್ ನೌಕಾಪಡೆಯೇ ಗಿರಾಕಿ. ತಂದೆಯ ನಂತರ ವ್ಯಾಪಾರ ಇವನ ಕೈಗೆ ಬಂತು. ಇಂಗ್ಲಿಷ್ ಸೊಗಸಾಗಿ ಮಾತಾಡುತ್ತಿದ್ದ. ನೌಕಾಧಿಕಾರಿ ಹೆನ್ರಿ ಕೆಪೆಲ್‌ನಂಥವರು ಗೆಳೆಯರಾದರು. ಮುಂದೆ ಸಿಕ್ಕ ಅಧಿಕಾರದ ಬೇರು ಈ ಉಗ್ರಾಣದಲ್ಲೇ ಇದೆ ಎಂದರೆ ತಪ್ಪಾಗದು.

ಎಲ್ಲ ಲೆಕ್ಕಾಚಾರವೂ ಫಲಿಸಲಿಲ್ಲ. 1854ರಲ್ಲಿ ಗಿಲ್ಬರ್ಟ್ ಆಂಗಸ್ ಎಂಬ ಪಾಲುದಾರನೊಂದಿಗೆ ನದಿ ದಂಡೆಯಲ್ಲಿ ಐಸ್ ಹೌಸ್ ತೆರೆದ. ಅಮೆರಿಕದ ಮಂಜುಗಡ್ಡೆಯನ್ನು ಹಡಗಿನಲ್ಲಿ ತರಿಸಿ ಸೆಕೆಯ ಊರಿನಲ್ಲಿ ಮಾರುವ ಸಾಹಸ ಅದು. ಕೊಳ್ಳುವವರು ಸಾಲದೆ ನಷ್ಟವಾಯಿತು.

ಚುನಾವಣೆಯಿಲ್ಲದ ರಾಜಕೀಯ

1867ರ ಏಪ್ರಿಲ್‌ವರೆಗೆ ಸಿಂಗಪುರ ಬ್ರಿಟಿಷ್ ಇಂಡಿಯಾದ ಆಡಳಿತದಲ್ಲಿತ್ತು. ಕಲ್ಕತ್ತೆಯ ಅಪ್ಪಣೆ ಅಲ್ಲಿಗೂ ನಡೆಯುತ್ತಿತ್ತು. ಆಮೇಲೆ ಅದು ನೇರವಾಗಿ ಲಂಡನ್ನಿನ ವಸಾಹತು ಕಚೇರಿಗೆ ಸೇರಿತು. ಹೊಸ ವ್ಯವಸ್ಥೆಯ ಶಾಸನ ಸಭೆಗೆ 1869ರಲ್ಲಿ ವಾಂಪೋವಾನ ನೇಮಕವಾಯಿತು. ಮತದಾರರ ಗೊಡವೆ ಇರಲಿಲ್ಲ. ಗವರ್ನರನ ನಂಬಿಕೆ ಇದ್ದರೆ ಸಾಕಿತ್ತು. ಚೀನೀಯರ ವಿಷಯ ಬಂದಾಗ ಅಧಿಕಾರಿಗಳು ಇವನನ್ನು ಕೇಳುತ್ತಿದ್ದರು. ಕೂಲಿಯವನ ದನಿ ಇಂಥ ಶ್ರೀಮಂತನ ಮೂಲಕ ಎಷ್ಟು ತಲುಪೀತು ಎಂಬ ಸಂಶಯ ಉಳಿದೇ ಉಳಿಯುತ್ತದೆ.

ವಿಚಿತ್ರವೆಂದರೆ, ಬ್ರಿಟಿಷರ ಸಭೆಯಲ್ಲಿ ಕೂತವನೇ ಸಿಂಗಪುರದಲ್ಲಿ 1867ರಲ್ಲಿ ರಷ್ಯಾದ, 1877ರಲ್ಲಿ ಚೀನಾದ, 1879ರಲ್ಲಿ ಜಪಾನಿನ ಕಾನ್ಸಲ್ (ಪ್ರತಿನಿಧಿ) ಆದ. ಮೂರೂ ಹುದ್ದೆಗಳನ್ನು ಒಟ್ಟಿಗೇ ನಿಭಾಯಿಸಿದ. 1876ರಲ್ಲಿ ಬ್ರಿಟಿಷರು ಸಿ.ಎಂ.ಜಿ. ಬಿರುದನ್ನೂ ಕೊಟ್ಟರು.

ತೋಟದ ಹುಚ್ಚು

ಸೆರಂಗೂನ್ ರಸ್ತೆಯಲ್ಲಿದ್ದ ಅವನ ಮನೆ ತೋಟಕ್ಕೇ ಪ್ರಸಿದ್ಧ. ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು, ಕುಬ್ಜ ಮರಗಳು, ತಾವರೆಕೊಳಗಳು, ಸಾಕುಪ್ರಾಣಿಗಳು ಅಲ್ಲಿದ್ದವು. ಚೀನೀ ಹೊಸವರ್ಷಕ್ಕೆ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಈ ಹುಚ್ಚಿನಿಂದ ಊರಿಗೂ ಲಾಭವಾಯಿತು. ಕೃಷಿ-ತೋಟಗಾರಿಕೆ ಸಂಘಕ್ಕೆ ಜಾಗ ಬೇಕಾದಾಗ, 1859ರಲ್ಲಿ ಟ್ಯಾಂಗ್ಲಿನ್‌ನ ತನ್ನ ಜಮೀನನ್ನು ಬಿಟ್ಟುಕೊಟ್ಟ. ಪುಕ್ಕಟೆಯಲ್ಲ, ವ್ಯಾಪಾರಿಯಲ್ಲವೇ: ಬದಲಿಗೆ ಬೋಟ್ ಕೀಯಲ್ಲಿ ನದಿಯಂಚಿನ ಜಾಗ ಪಡೆದ. ಟ್ಯಾಂಗ್ಲಿನ್‌ನ ಆ ನೆಲವೇ ಸಿಂಗಪುರ ಬೊಟಾನಿಕ್ ಗಾರ್ಡನ್ಸ್ ಆಯಿತು.

ಸಾವಿನ ನಂತರ

1880ರ ಮಾರ್ಚ್ 27ರಂದು ತೀರಿಕೊಂಡ. ಹುಟ್ಟೂರಿನ ಎದುರಿನ ಡೇನ್ಸ್ ದ್ವೀಪದಲ್ಲಿ ಸಮಾಧಿ ಮಾಡಲಾಯಿತು. ಸೆರಂಗೂನ್ ರಸ್ತೆಯ ಮನೆಯನ್ನು ಸಿಯಾ ಲಿಯಾಂಗ್ ಸಿಯಾ ಎಂಬ ವರ್ತಕ ಕೊಂಡು ಬೆಂಡಿಮಿಯರ್ ಹೌಸ್ ಎಂದು ಕರೆದ. 1964ರಲ್ಲಿ ಅದನ್ನು ಕೆಡವಲಾಯಿತು. ಬೊಟಾನಿಕ್ ಗಾರ್ಡನ್ಸ್ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.