ಪಾಪ, ಪಶ್ಚಾತ್ತಾಪ ಮತ್ತು ಕರಾವಳಿಯ ಕ್ರೈಸ್ತ ಪರಂಪರೆ

ಶರಾವತಿ ಅಳಿವೆಯ ದಂಡೆಯ ಹೊನ್ನಾವರ ಕೋಟೆಯನ್ನು 1569ರಲ್ಲಿ ವಶಪಡಿಸಿಕೊಂಡ ಪೋರ್ಚುಗೀಸರೊಂದಿಗೆ ಕಥೋಲಿಕ ಧರ್ಮವೂ ಇಲ್ಲಿ ನೆಲೆಯೂರಿತು.

ದೇವರ ಆಜ್ಞೆ ಮೀರಿ ನಿಷಿದ್ಧ ಫಲ ತಿಂದ ಆದಾಮ–ಹವ್ವರಿಂದ ಮನುಕುಲಕ್ಕೆಲ್ಲ ಅಂಟಿತೆಂದು ಕ್ರೈಸ್ತರು ನಂಬುವ ‘ಜನ್ಮಪಾಪ’ದ ಕಥೆಯನ್ನು ಇಂಗ್ಲೆಂಡ್ ಮೂಲದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಅವರು ‘ಕ್ರಿಸ್ತಪುರಾಣ’ದಲ್ಲಿ ಮರಾಠಿ ಸಂತಕವಿಗಳು ಬಳಸಿದ ‘ಓವಿ’ ಛಂದಸ್ಸಿಗೆ ಅಳವಡಿಸಿದರು. 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಈ ಕಾವ್ಯವು ಕರಾವಳಿಯ ಕೊಂಕಣಿ ಕ್ರೈಸ್ತರ ಪಠಣದಲ್ಲಿ ಉಳಿದು, 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಮುದ್ರಣಗೊಂಡಿತು.

ಪರಸ್ತ್ರೀಗಾಗಿ ಆಕೆಯ ಪತಿ ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಅರಸ ದಾವೀದ, ಯೇಸುವನ್ನು ಮೂರು ಬಾರಿ ಅಲ್ಲಗಳೆದ ಶಿಷ್ಯ ಪೇತ್ರ, ಇಬ್ಬರೂ ಪಶ್ಚಾತ್ತಾಪಪಟ್ಟು ಕ್ಷಮೆ ಪಡೆದುದರಿಂದ, ಈಸ್ಟರ್‌ಗೆ ಮುನ್ನ ಬರುವ ನಲವತ್ತು ದಿನಗಳ ತಪಸ್ಸುಕಾಲದ ಉಪದೇಶಗಳಲ್ಲಿಯೂ, ಗುರುಗಳೆದುರು ತಪ್ಪೊಪ್ಪಿಕೊಳ್ಳುವ ‘ಪಾಪನಿವೇದನೆ’ ಸಂಸ್ಕಾರದ ಬೋಧನೆಯಲ್ಲಿಯೂ ಅವರು ಮಾದರಿಗಳಾಗಿ ನಿಂತಿದ್ದಾರೆ.